ಕಾರಿಗೊಂದು ಮನೆ: ಯಾರ ಜಾಗದಲ್ಲಿ?

ಕಳೆದ ವರ್ಷ ಮಳೆಗಾಲದ ಒಂದು ರಾತ್ರಿ. ಹನ್ನೊಂದು ಗಂಟೆ ದಾಟಿತ್ತು. ಬೀದರ್ ನಗರದಲ್ಲಿ ನಾವಿರುವ ಬಡಾವಣೆಯ ರಸ್ತೆಯ ತಿರುವಿನಲ್ಲಿ ಆಂಬುಲೆನ್ಸ್ ಒಂದು ಬಂದು ನಿಂತಿತು. ನಮ್ಮಿಂದ ನಾಲ್ಕನೇ ಮನೆಯ ವೃದ್ಧೆಗೆ ಉಸಿರಾಟದ ತೊಂದರೆಯಾಗಿತ್ತು. ವಾಹನ ಒಳಗೆ ಬರಲಾಗಲಿಲ್ಲ. ರಸ್ತೆಯ ಎರಡೂ ಬದಿಗೆ ಕಾರುಗಳು ನಿಂತಿದ್ದವು. ಚಾಲಕ ಇಳಿದು ಬಂದು ಮೊದಲನೆಯ ಕಾರು ಯಾರದೆಂದು ಕೂಗಿ ಕೇಳಿದ. ಅದು ನನ್ನದಾಗಿತ್ತು. ನಾನು ಬೀಗದ ಕೈ ಹುಡುಕಿ, ಕನ್ನಡಕ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಆ ತಾಯಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಳೆಯಲ್ಲೇ ಹೊತ್ತುಕೊಂಡು ಬರುತ್ತಿದ್ದರು. ನಾನೂ ಒಂದು ಕೈ ಕೊಟ್ಟೆ. ಆಕೆ ಬದುಕಿದರು. ಮರುದಿನ ಅವರ ಮಗ ಮನೆಗೆ ಬಂದು, ಸ್ಟ್ರೆಚರ್ ಹಿಡಿದಿದ್ದಕ್ಕಾಗಿ ನನಗೆ ಕೃತಜ್ಞತೆ ಹೇಳಿ ಹೋದರು. ಕಾರಿನ ಮಾತನ್ನು ಅವರು ಎತ್ತಲಿಲ್ಲ.

ನನ್ನ ಮನೆಗೆ ಕಾರು ಶೆಡ್ ಇಲ್ಲವೆಂದಲ್ಲ. ನಕ್ಷೆಯಲ್ಲಿ ಇದೆ. ಮನೆ ಕಟ್ಟಿಸಿದಾಗ ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಜಾಗವನ್ನು ಅದಕ್ಕೆಂದೇ ಬಿಟ್ಟಿದ್ದೆ. ನಿವೃತ್ತಿಯಾದ ಮರುವರ್ಷ ಅದಕ್ಕೊಂದು ಗೋಡೆ, ಒಂದು ಬಾಗಿಲು ಇಟ್ಟು ಬಾಡಿಗೆಗೆ ಕೊಟ್ಟೆ. ಕಾರು ಬೀದಿಗೆ ಬಂತು. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಈ ವ್ಯವಹಾರದ ಹೆಸರು ತಿಳಿಯದೇ ಇರಲಿಲ್ಲ: ಲಾಭ ಖಾಸಗಿ, ವೆಚ್ಚ ಸಾರ್ವಜನಿಕ. ಇನ್ನೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಕಟ್ಟಡಗಳ ನಕ್ಷೆಗಳಿಗೆ ಸಹಿ ಹಾಕುವ ಹುದ್ದೆಯಲ್ಲೂ ಕೆಲವು ಕಾಲ ಇದ್ದೆ. ನೆಲಮಹಡಿಯಲ್ಲಿ 'ವಾಹನ ನಿಲುಗಡೆ' ಎಂದು ಬರೆದ ಎಷ್ಟೋ ನಕ್ಷೆಗಳು ನನ್ನ ಮೇಜಿನ ಮೇಲೆ ಹಾದುಹೋದವು. ಅದೇ ಜಾಗದಲ್ಲಿ ಮುಂದೆ ಔಷಧದ ಅಂಗಡಿ, ಬಟ್ಟೆ ಅಂಗಡಿ ತೆರೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ನೋಟಿಸು ಕೊಟ್ಟದ್ದು ಕಡಿಮೆ.

ಆದ್ದರಿಂದ, ಕಡಿಮೆ ಜಾಗದಲ್ಲಿ ಹೆಚ್ಚು ಕಾರು ನಿಲ್ಲಿಸುವ ಕಟ್ಟಡವೊಂದು ಬೀದರ್‌ಗೆ ಬೇಕು, ಯಂತ್ರಚಾಲಿತ ಬಹುಮಹಡಿ ಪಾರ್ಕಿಂಗ್ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಗೆಳೆಯರ ಬಾಯಲ್ಲಿ ಕೇಳಿದಾಗಲೆಲ್ಲ ನನಗೆ ಉತ್ಸಾಹಕ್ಕಿಂತ ಸಂಕೋಚವೇ ಹೆಚ್ಚಾಗುತ್ತದೆ. ಅಂಥ ಕಟ್ಟಡವನ್ನು ವಿನ್ಯಾಸ ಮಾಡುವುದು ಸಾಧ್ಯವಿಲ್ಲದ ಕೆಲಸವೇನಲ್ಲ. ಅದರ ತಂತ್ರ ಜಗತ್ತಿಗೆ ನೂರು ವರ್ಷಗಳಿಂದ ಗೊತ್ತಿದೆ. ಆದರೆ ಯಾವ ಊರಿಗೆ ಯಾವ ವಿನ್ಯಾಸ, ಅದರ ಹಣ ಯಾರದು ಎಂಬ ಎರಡು ಪ್ರಶ್ನೆಗಳನ್ನು ಬಿಟ್ಟು ಯಂತ್ರವನ್ನಷ್ಟೇ ತಂದರೆ ಅದು ಬೀದಿಯನ್ನು ಬಿಡಿಸಲಾರದು.

ಮೊದಲು ಲೆಕ್ಕ. ಒಂದು ಕಾರು ನಿಲ್ಲಲು ಬೇಕಾದ ಚೌಕ ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ, ಅಂದರೆ 12.5 ಚದರ ಮೀಟರ್. ಆದರೆ ಕಾರು ಹಾರಿ ಬಂದು ಕುಳಿತುಕೊಳ್ಳುವುದಿಲ್ಲ. ಅದು ಬರಲು, ತಿರುಗಲು, ಹಿಂದೆ ಸರಿಯಲು ದಾರಿ ಬೇಕು. ಈ ದಾರಿಯನ್ನೂ ಸೇರಿಸಿ ದೆಹಲಿಯ 2021ರ ಮಾಸ್ಟರ್ ಪ್ಲಾನ್ ಒಂದು ಅಳತೆಪಟ್ಟಿ ಕೊಟ್ಟಿತ್ತು. ಬಯಲಿನಲ್ಲಾದರೆ ಒಂದು ಕಾರಿಗೆ 23 ಚದರ ಮೀಟರ್, ಕಟ್ಟಡದ ನೆಲಮಹಡಿಯಲ್ಲಿ 28, ಇಳಿಜಾರು ದಾರಿಯ ಬಹುಮಹಡಿಯಲ್ಲಿ 30, ನೆಲಮಾಳಿಗೆಯಲ್ಲಿ 32, ಲಿಫ್ಟಿನಿಂದ ಎತ್ತಿ ಇಡುವ ಯಂತ್ರಚಾಲಿತ ಕಟ್ಟಡದಲ್ಲಿ 16. ಪ್ರಧಾನಮಂತ್ರಿ ಆವಾಸ್ ಯೋಜನೆಯನ್ನು 2015ರಲ್ಲಿ ನಗರಗಳಿಗೆ ತಂದಾಗ ಆರ್ಥಿಕವಾಗಿ ದುರ್ಬಲರಾದ ಕುಟುಂಬಕ್ಕೆ ನಿಗದಿ ಮಾಡಿದ ಮನೆಯ ಗರಿಷ್ಠ ಒಳವಿಸ್ತೀರ್ಣ ಕೂಡ 30 ಚದರ ಮೀಟರ್. ಸರ್ಕಾರದ ಕಾಗದದಲ್ಲಿ ಒಂದು ಬಡ ಸಂಸಾರಕ್ಕೂ ಮಹಡಿಯ ಮೇಲಿನ ಒಂದು ಕಾರಿಗೂ ಬೇಕಾದ ಜಾಗ ಸಮಸಮ. ಈ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ 'ಕಾರು ನಿಲ್ಲಿಸುವುದು ಸಣ್ಣ ವಿಷಯ' ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹನ್ನೆರಡು ಗುಂಟೆಯ ಒಂದು ನಿವೇಶನ ಇದೆಯೆಂದಿಟ್ಟುಕೊಳ್ಳೋಣ; ಸುಮಾರು 1,200 ಚದರ ಮೀಟರ್. ಬಯಲಾಗಿಯೇ ಬಿಟ್ಟರೆ ಅಲ್ಲಿ 52 ಕಾರು ನಿಲ್ಲುತ್ತವೆ. ಇಳಿಜಾರು ದಾರಿಯೊಂದಿಗೆ ಮೂರು ಅಂತಸ್ತು ಮಾಡಿದರೆ 120. ಅಷ್ಟೇ ಅಂತಸ್ತುಗಳನ್ನು ಯಂತ್ರಕ್ಕೆ ಒಪ್ಪಿಸಿದರೆ 225. ಸುತ್ತ ಬಿಡಬೇಕಾದ ಖಾಲಿ ಜಾಗವನ್ನು ಕಳೆದರೆ ಈ ಸಂಖ್ಯೆಗಳು ಇಳಿಯುತ್ತವೆ, ಅನುಪಾತ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಯಂತ್ರದ ಆಕರ್ಷಣೆ ಇರುವುದು ಇಲ್ಲೇ.

ಯಂತ್ರಗಳಲ್ಲೂ ಬಗೆಗಳಿವೆ. ಅತಿ ಸರಳವಾದದ್ದು ಸ್ಟ್ಯಾಕರ್: ಒಂದು ಉಕ್ಕಿನ ಹಲಗೆ ಮೊದಲ ಕಾರನ್ನು ಮೇಲೆತ್ತುತ್ತದೆ, ಕೆಳಗೆ ಎರಡನೆಯದು ನಿಲ್ಲುತ್ತದೆ. ಮೇಲಿನದು ಬೇಕಾದಾಗ ಕೆಳಗಿನದನ್ನು ಹೊರತೆಗೆಯಬೇಕು. ಆದ್ದರಿಂದ ಒಂದೇ ಮನೆಯ ಎರಡು ಕಾರುಗಳಿಗೆ ಅದು ಸರಿ. ಎರಡನೆಯದು ಪಝಲ್ ಪಾರ್ಕಿಂಗ್. ಒಂದು ಚೌಕ ಖಾಲಿ ಬಿಟ್ಟು ಅಂಕಿಗಳನ್ನು ಅತ್ತಿತ್ತ ಸರಿಸುವ ಮಕ್ಕಳ ಆಟವನ್ನು ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ಅಡ್ಡಕ್ಕೆ ಮೂರು, ಎತ್ತರಕ್ಕೆ ಮೂರು ಚೌಕಗಳಿದ್ದರೆ ಒಂಬತ್ತು ಕಾರು ಹಿಡಿಯುವುದಿಲ್ಲ, ಏಳು ಹಿಡಿಯುತ್ತವೆ. ಕೆಳಗಿನ ಎರಡು ಅಂತಸ್ತುಗಳಲ್ಲಿ ಒಂದೊಂದು ಚೌಕ ಖಾಲಿ ಇದ್ದರೆ ಮಾತ್ರ ಉಳಿದವು ಪಕ್ಕಕ್ಕೆ ಸರಿದು ಮೇಲಿನ ಕಾರಿಗೆ ಇಳಿಯಲು ದಾರಿ ಬಿಡಬಲ್ಲವು. ಮೂರನೆಯದು ತೊಟ್ಟಿಲು ಚಕ್ರದಂತೆ ಕಾರುಗಳನ್ನು ಸುತ್ತಿಸುವ ರೋಟರಿ. ಎರಡು ಕಾರಿನ ನೆಲದಲ್ಲಿ ಹತ್ತು ಹನ್ನೆರಡು ಕಾರುಗಳನ್ನು ಅದು ನೇತುಹಾಕಬಲ್ಲದು. ನಾಲ್ಕನೆಯದು ಗೋಪುರ: ನಡುವೆ ಲಿಫ್ಟು, ಸುತ್ತ ಗೂಡುಗಳು. ಜರ್ಮನಿಯ ವೋಲ್ಫ್ಸ್‌ಬುರ್ಗ್‌ನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ನಿಲ್ಲಿಸಿರುವ 48 ಮೀಟರ್ ಎತ್ತರದ ಎರಡು ಗಾಜಿನ ಗೋಪುರಗಳಲ್ಲಿ ತಲಾ 400 ಕಾರುಗಳಿರುತ್ತವೆ.

ಆ ಗೋಪುರಗಳ ಚಿತ್ರವನ್ನು ನೋಡಿದವರು ಒಂದು ಅಂಶವನ್ನು ಮರೆಯುತ್ತಾರೆ. ಅವು ಮಾರಾಟವಾದ ಹೊಸ ಕಾರುಗಳು ಒಡೆಯನಿಗಾಗಿ ಕಾಯುವ ಉಗ್ರಾಣ. ಒಂದೊಂದಾಗಿ, ನಿಗದಿತ ಹೊತ್ತಿಗೆ ಇಳಿಯುತ್ತವೆ. ಕಾರನ್ನು ದಾಸ್ತಾನು ಮಾಡುವುದೂ ಕಾರನ್ನು ನಿಲ್ಲಿಸುವುದೂ ಬೇರೆ ಬೇರೆ ಕೆಲಸಗಳು. ವಿನ್ಯಾಸದ ಅರ್ಧ ಗುಟ್ಟು ಈ ವ್ಯತ್ಯಾಸದಲ್ಲಿದೆ. ಲಿಫ್ಟೊಂದು ಒಂದು ಕಾರನ್ನು ತಂದುಕೊಡಲು ಎರಡು ನಿಮಿಷ ತೆಗೆದುಕೊಂಡಿತೆನ್ನಿ. ಗಂಟೆಗೆ ಮೂವತ್ತು ಕಾರು. ನಾಲ್ಕು ಲಿಫ್ಟುಗಳಿದ್ದರೂ 225 ಕಾರುಗಳು ಹೊರಬೀಳಲು ಎರಡು ಗಂಟೆ ಬೇಕು. ಇಳಿಜಾರು ದಾರಿಯಲ್ಲಾದರೆ ನಿಮಿಷಕ್ಕೆ ನಾಲ್ಕೈದು ಕಾರು ಇಳಿಯುತ್ತವೆ. 120 ಕಾರುಗಳ ಕಟ್ಟಡ ಅರ್ಧ ಗಂಟೆಯಲ್ಲಿ ಬರಿದಾಗುತ್ತದೆ. ಸಂಜೆ ಇಟ್ಟು ಬೆಳಿಗ್ಗೆ ತೆಗೆಯುವ ನಿವಾಸಿಗಳ ಕಾರಿಗೆ ಯಂತ್ರ ಒಪ್ಪುತ್ತದೆ. ಎಲ್ಲರೂ ಒಟ್ಟಿಗೆ ಬಂದು ಒಟ್ಟಿಗೆ ಹೊರಡುವ ಕಡೆ ಅದು ಜಗಳಕ್ಕೆ ದಾರಿ.

ಇನ್ನು ನಮ್ಮ ಊರುಗಳಿಗೆ ಬರೋಣ. ಬೀದರ್, ಭಾಲ್ಕಿ, ಔರಾದ್ ಮೂರೂ ಒಂದೇ ಜಿಲ್ಲೆಯವು. ಆದರೆ ಮೂರರ ನೆಲ ಬೇರೆ, ಅಗತ್ಯ ಬೇರೆ.

ಬೀದರ್ ಹದಿನೈದನೇ ಶತಮಾನದಲ್ಲಿ ರಾಜಧಾನಿಯಾದ ಊರು. ಬಹಮನಿ ಸುಲ್ತಾನ ಅಹಮದ್ ಶಾಹ ಗುಲಬರ್ಗಾದಿಂದ ಇಲ್ಲಿಗೆ ರಾಜಧಾನಿಯನ್ನು ತಂದ ಮೇಲೆ ಕೋಟೆಯ ಜೊತೆಗೆ ಗೋಡೆ ಸುತ್ತಿದ ಪಟ್ಟಣವೂ ಬೆಳೆಯಿತು. ಚೌಬಾರಾದ ಬಳಿ ರಸ್ತೆಗಳು ಕೂಡುತ್ತವೆ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ಮಹಮೂದ್ ಗವಾನನ 1472ರ ಮದರಸಾ. ಕುದುರೆ, ಪಲ್ಲಕ್ಕಿ, ಕಾಲ್ನಡಿಗೆಗಾಗಿ ಹಾಕಿದ ಈ ಬೀದಿಗಳಲ್ಲಿ ಇಂದು ಬಿದ್ರಿ ಕುಶಲಕರ್ಮಿಯ ಅಂಗಡಿಯ ಮುಂದೆ ಜೀಪು ನಿಂತಿರುತ್ತದೆ. ಅಂಗಡಿಯ ಮುಂದೆ ವಾಹನ ನಿಲ್ಲಿಸಲು ಬಿಡದಿದ್ದರೆ ಗಿರಾಕಿ ಬರುವುದಿಲ್ಲವೆಂದು ವ್ಯಾಪಾರಿಗಳು ಹೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ನಿಂತಿರುವುದು ಬಹುಪಾಲು ಅಂಗಡಿಯವರದೇ ವಾಹನ ಎಂಬುದನ್ನು ಯಾರು ಬೇಕಾದರೂ ಅರ್ಧ ದಿನ ನಿಂತು ನೋಡಿ ಖಚಿತಪಡಿಸಿಕೊಳ್ಳಬಹುದು.

ಹಳೆಯ ಪಟ್ಟಣದ ನಡುವೆಯೇ ಬಹುಮಹಡಿ ಪಾರ್ಕಿಂಗ್ ಕಟ್ಟುವ ಆಸೆಗೆ ಕಾನೂನಿನ ಅಡ್ಡಿ ಇದೆ, ಇರಬೇಕಾದದ್ದೇ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ನೆಲದ ಕೆಳಗೆ ಹೋಗೋಣವೆಂದರೆ ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೋಟೆಯ ಕಂದಕವನ್ನು ಈ ಕಲ್ಲಿನಲ್ಲೇ ಕಡಿದು ಮಾಡಿದ್ದಾರೆ. ಅಂದರೆ ಅಗೆಯಲು ಅಸಾಧ್ಯವೇನಲ್ಲ. ಆದರೆ ಇದೇ ಕಲ್ಲಿನ ಒಡಲಲ್ಲಿ ನೌಬಾದ್‌ನ ಕರೇಜಿನಂಥ ಸುರಂಗ ಕಾಲುವೆಗಳು, ನೂರಾರು ಬಾವಿಗಳ ಸೆಲೆಗಳು ಇವೆ. ಕಾರಿಗಾಗಿ ನೆಲಮಾಳಿಗೆ ತೋಡಿ ನೀರಿನ ದಾರಿಯನ್ನು ಕಡಿಯುವುದು ಜಾಣತನವಲ್ಲ.

ಆದ್ದರಿಂದ ಬೀದರ್‌ನ ಉತ್ತರ ಎರಡು ಭಾಗದ್ದು. ಹಗಲಿನ ಗಿರಾಕಿಗೂ ಪ್ರವಾಸಿಗೂ ಹಳೆಯ ಪಟ್ಟಣದ ಗೋಡೆಯ ಹೊರಗೆ, ಐದಾರು ನಿಮಿಷ ನಡೆದರೆ ಚೌಬಾರಾ ತಲುಪುವಂಥ ದೂರದಲ್ಲಿ, ಎತ್ತರವಿಲ್ಲದ ಮೂರು ಅಂತಸ್ತಿನ ಇಳಿಜಾರು ಕಟ್ಟಡ. ಅದರ ಎರಡು ಅರ್ಧಗಳನ್ನು ಅರ್ಧ ಅಂತಸ್ತಿನಷ್ಟು ಮೇಲೆ ಕೆಳಗೆ ಮಾಡಿದರೆ ಇಳಿಜಾರಿನ ಉದ್ದ ಅರ್ಧಕ್ಕೆ ಇಳಿಯುತ್ತದೆ, ಜಾಗ ಉಳಿಯುತ್ತದೆ. ಪಕ್ಕದ ಗೋಡೆಗಳನ್ನು ತೆರೆದಿಟ್ಟರೆ ಗಾಳಿಗೆ ಫ್ಯಾನು ಬೇಡ, ಹಗಲಿಗೆ ದೀಪ ಬೇಡ. ಎರಡನೆಯ ಭಾಗ ರಾತ್ರಿಯದು. ನಗರದ ಸರ್ಕಾರಿ ಕಚೇರಿಗಳ ಆವರಣಗಳು ಸಂಜೆ ಆರರಿಂದ ಬೆಳಿಗ್ಗೆ ಹತ್ತರವರೆಗೆ ಖಾಲಿ ಬಿದ್ದಿರುತ್ತವೆ. ಮೂರು ದಶಕ ಅಂಥ ಆವರಣಗಳಲ್ಲಿ ದುಡಿದ ನನಗೆ ಅವುಗಳ ವಿಸ್ತಾರ ಗೊತ್ತು. ನಿವಾಸಿಗಳು ತಮ್ಮ ಕಾರುಗಳನ್ನು ನಿಲ್ಲಿಸಲು ಬಯಸುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ಮಾಸಿಕ ಶುಲ್ಕಕ್ಕೆ ಗುರುತುಚೀಟಿ ಕೊಟ್ಟು, ಕಾವಲುಗಾರನೊಬ್ಬನನ್ನು ಇಟ್ಟು ಗೇಟು ತೆರೆದರೆ, ಒಂದು ಚೀಲ ಸಿಮೆಂಟ್ ಖರ್ಚಿಲ್ಲದೆ ಒಂದೇ ನೆಲ ಎರಡು ಬಾರಿ ಉಪಯೋಗಕ್ಕೆ ಬರುತ್ತದೆ. ಜಾಗ ಉಳಿಸುವ ವಿನ್ಯಾಸಗಳಲ್ಲಿ ಇದಕ್ಕಿಂತ ಅಗ್ಗದ್ದು ನನಗೆ ತಿಳಿದಿಲ್ಲ. ಬೇಡಿಕೆ ಅದನ್ನೂ ಮೀರಿದಾಗ, ಅದೇ ಆವರಣದ ಒಂದು ಮೂಲೆಯಲ್ಲಿ ಪಝಲ್ ಯಂತ್ರ ಹಾಕಬಹುದು.

ಯಂತ್ರ ಹಾಕುವವರು ನಮ್ಮ ಭಾಗದ ವಾಹನಗಳನ್ನು ಅಳೆದು ನೋಡಬೇಕು. ತಗ್ಗು ಕಾರುಗಳಿಗೆಂದು ಮಾಡಿದ ಯಂತ್ರಗಳಲ್ಲಿ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಹೆಚ್ಚಿನ ಎತ್ತರಕ್ಕೆ ಮಾತ್ರ ಅವಕಾಶ. ಇಲ್ಲಿ ಓಡಾಡುವುದು ಬೊಲೆರೋ, ಸ್ಕಾರ್ಪಿಯೋಗಳು; ಅವುಗಳ ಎತ್ತರ 1.9 ಮೀಟರ್ ಆಸುಪಾಸು, ತೂಕವೂ ಹೆಚ್ಚು. ಬೇಸಿಗೆಯಲ್ಲಿ ವಿದ್ಯುತ್ ಹೋದರೆ ಮೂರನೇ ಅಂತಸ್ತಿನ ಕಾರು ಅಲ್ಲಿಯೇ ಉಳಿಯುತ್ತದೆ. ಜನರೇಟರ್ ವೆಚ್ಚವನ್ನು ಟೆಂಡರಿನಲ್ಲೇ ಸೇರಿಸಬೇಕು. ಬೆಂಕಿಯ ಮಾತಂತೂ ಮರೆಯುವಂತಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 2017ರ ಡಿಸೆಂಬರ್ 31ರಂದು, ಲೂಟನ್ ವಿಮಾನ ನಿಲ್ದಾಣದಲ್ಲಿ 2023ರ ಅಕ್ಟೋಬರ್‌ನಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟಡಗಳು ಹೊತ್ತಿ ಉರಿದು ತಲಾ ಸಾವಿರಕ್ಕೂ ಹೆಚ್ಚು ವಾಹನಗಳು ಸುಟ್ಟುಹೋದವು. ಎರಡರಲ್ಲೂ ನೀರು ಚಿಮ್ಮುವ ಸ್ಪ್ರಿಂಕ್ಲರ್ ವ್ಯವಸ್ಥೆ ಇರಲಿಲ್ಲ. ಕಾರುಗಳನ್ನು ಹತ್ತಿರ ಹತ್ತಿರ ಇಟ್ಟಷ್ಟೂ ಜಾಗ ಉಳಿಯುತ್ತದೆ, ಬೆಂಕಿಗೂ ದಾರಿ ಸುಲಭವಾಗುತ್ತದೆ.

ಭಾಲ್ಕಿಯ ಸಂಗತಿ ಬೇರೆ. 2011ರ ಜನಗಣತಿಯಲ್ಲಿ ಬೀದರ್ ನಗರದ ಜನಸಂಖ್ಯೆ ಎರಡು ಲಕ್ಷ ದಾಟಿದ್ದರೆ ಭಾಲ್ಕಿಯದು ಸುಮಾರು 40 ಸಾವಿರ. ಅಲ್ಲಿ ದಿನನಿತ್ಯದ ಒತ್ತಡಕ್ಕಿಂತ ಋತುಮಾನದ ಒತ್ತಡ ದೊಡ್ಡದು. ಕಬ್ಬು ಅರೆಯುವ ಕಾಲದಲ್ಲಿ ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಊರ ರಸ್ತೆಯಲ್ಲಿ ಹಾಯುತ್ತವೆ. ಮದುವೆಯ ಮುಹೂರ್ತಗಳ ದಿನ ಕಲ್ಯಾಣಮಂಟಪಗಳ ಮುಂದಿನ ರಸ್ತೆ ಮಧ್ಯಾಹ್ನದವರೆಗೆ ಮುಚ್ಚಿದಂತೆಯೇ. ಟ್ರ್ಯಾಕ್ಟರು ಹಿಂದೆ ಸರಿಯಲಾರದು, ಮುಂದೆ ಹೋಗಲಾರದು. ಊಟ ಮುಗಿಸಿ ಎಲ್ಲರೂ ಒಂದೇ ಗಂಟೆಯಲ್ಲಿ ಹೊರಡುವ ಇಂಥ ಕಡೆ ಲಿಫ್ಟಿನ ಗೋಪುರ ಇಟ್ಟರೆ ಕೊನೆಯ ಅತಿಥಿ ಸಂಜೆ ಮನೆ ಸೇರುತ್ತಾನೆ. ಕಲ್ಯಾಣಮಂಟಪಕ್ಕೆ ಪರವಾನಗಿ ಕೊಡುವಾಗ ಅದರದೇ ನಿವೇಶನದಲ್ಲಿ ನಿಲುಗಡೆ ಜಾಗವಿದೆಯೇ ಎಂದು ಅಳೆದು ನೋಡುವುದು, ನವೀಕರಿಸುವಾಗ ಮತ್ತೊಮ್ಮೆ ಅಳೆಯುವುದು, ಪೇಟೆಯ ಹತ್ತಿರ ಬಯಲಿನ ಮೇಲೆ ಒಂದೇ ಒಂದು ಉಕ್ಕಿನ ಅಟ್ಟ ಹಾಕಿ ಎರಡು ಅಂತಸ್ತು ಮಾಡುವುದು: ಭಾಲ್ಕಿಗೆ ಸದ್ಯಕ್ಕೆ ಇಷ್ಟು ಸಾಕು.

ನೆಲದ ಗುಣವೂ ಅದನ್ನೇ ಹೇಳುತ್ತದೆ. ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳಲ್ಲಿ ಬಹುಪಾಲು ಎರೆಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಯಂತ್ರದ ಹಳಿ, ಸರಪಳಿಗಳಿಗೆ ಕೂದಲೆಳೆಯ ನೇರ ಬೇಕು. ಎರೆಯ ಮೇಲೆ ಅಂಥ ಗೋಪುರ ನಿಲ್ಲಿಸಲು ಗಟ್ಟಿ ಪದರ ಸಿಗುವವರೆಗೆ ಕಂಬ ಇಳಿಸಬೇಕು. ಮಣ್ಣಿನೊಳಗೆ ಹೂಳುವ ಹಣ ಮಣ್ಣಿನ ಮೇಲಿನ ಹಣದೊಂದಿಗೆ ಸ್ಪರ್ಧೆಗೆ ನಿಲ್ಲುತ್ತದೆ.

ಔರಾದ್‌ಗಂತೂ ಕಟ್ಟಡವೇ ಬೇಡ. 2011ರಲ್ಲಿ ಸುಮಾರು 20 ಸಾವಿರ ಜನರಿದ್ದ, ರಾಜ್ಯದ ಉತ್ತರದ ತುದಿಯ ಈ ತಾಲ್ಲೂಕು ಕೇಂದ್ರದಲ್ಲಿ ನೆಲಕ್ಕೆ ಬರವಿಲ್ಲ, ನೆರಳಿಗೆ ಬರ. ಅಮರೇಶ್ವರ ಜಾತ್ರೆಯ ಹಳೆಯ ದಿನಗಳನ್ನು ನೆನೆದರೆ ಒಂದು ಪಾಠ ಸಿಗುತ್ತದೆ. ಸುತ್ತಲಿನ ಹಳ್ಳಿಗಳ ಬಂಡಿಗಳು ಬಂದಾಗ ಯಾರೂ ಅವನ್ನು ದೇವಸ್ಥಾನದ ಬೀದಿಯಲ್ಲಿ ಬಿಡುತ್ತಿರಲಿಲ್ಲ. ಊರ ಹೊರಗಿನ ಬಯಲಿನಲ್ಲಿ ನೊಗ ಇಳಿಸಿ, ದೇವಣಿ ಎತ್ತುಗಳನ್ನು ಮರದ ನೆರಳಿಗೆ ಕಟ್ಟಿ, ಮೇವು ಹಾಕಿ ನಡೆದು ಬರುತ್ತಿದ್ದರು. ಸಂತೆಯಾದರೆ ಸುಂಕವನ್ನೂ ಕೊಡುತ್ತಿದ್ದರು. ಬಂಡಿಗೆ ಜಾಗ, ಜಾಗಕ್ಕೆ ಬೆಲೆ ಎಂಬ ನಿಯಮ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಮೊರಂ ಹಾಸಿ ಗಟ್ಟಿ ಮಾಡಿದ ನೆಲ, ಸಾಲಾಗಿ ಬೇವಿನ ಮರ, ಸುಣ್ಣದ ಗೆರೆ, ಕುಡಿಯುವ ನೀರು, ಒಂದು ಶೌಚಾಲಯ. ಔರಾದ್‌ನ ಗ್ಯಾರೇಜು ಇದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ಔರಾದ್, ಭಾಲ್ಕಿ ಎರಡೂ ಇದ್ದವು. ಅಲ್ಲಿಗೆ ಹೋಗುವ ಹೆಚ್ಚುವರಿ ರೂಪಾಯಿ ಮೊದಲು ಶಾಲೆಯನ್ನೂ ಆಸ್ಪತ್ರೆಯನ್ನೂ ಕಾಣಬೇಕು.

ಈಗ ಎರಡನೆಯ ಪ್ರಶ್ನೆ: ಹಣ ಯಾರದು? ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ಪಾರ್ಕಿಂಗ್ 2024ರ ಜೂನ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು. 556 ಕಾರು, 445 ದ್ವಿಚಕ್ರ ವಾಹನಗಳ ಈ ಕಟ್ಟಡಕ್ಕೆ ತಗುಲಿದ ವೆಚ್ಚ ಸುಮಾರು 80 ಕೋಟಿ ರೂಪಾಯಿ. ದ್ವಿಚಕ್ರ ವಾಹನಗಳ ಪಾಲನ್ನು ಕಳೆದರೂ ಒಂದು ಕಾರಿನ ಜಾಗಕ್ಕೆ ಹತ್ತು ಲಕ್ಷಕ್ಕಿಂತ ಹೆಚ್ಚು ಬೀಳುತ್ತದೆ. ಒಳಗೆ ನಿಲ್ಲುವ ಎಷ್ಟೋ ಕಾರುಗಳ ಬೆಲೆ ಅಷ್ಟಿರುವುದಿಲ್ಲ. ಹತ್ತು ಲಕ್ಷಕ್ಕೆ ಶೇಕಡ 8ರ ಬಡ್ಡಿ ಹಾಕಿದರೆ ವರ್ಷಕ್ಕೆ 80 ಸಾವಿರ, ದಿನಕ್ಕೆ ಸುಮಾರು 220 ರೂಪಾಯಿ. ನಿರ್ವಹಣೆ, ಸಂಬಳ, ವಿದ್ಯುತ್ ಇದರ ಮೇಲಿನವು. ಬೀದರ್‌ನಲ್ಲಿ ಕಾರು ನಿಲ್ಲಿಸಲು ದಿನಕ್ಕೆ 220 ರೂಪಾಯಿ ಕೊಡುವವರು ಎಷ್ಟು ಜನ? ಪಕ್ಕದ ಬೀದಿಯಲ್ಲಿ ಪುಕ್ಕಟೆ ಜಾಗವಿರುವಾಗ ಇಪ್ಪತ್ತು ರೂಪಾಯಿ ಕೊಡುವವರೂ ಸಿಗರು. ಫ್ರೀಡಂ ಪಾರ್ಕಿನ ಕಟ್ಟಡ ತೆರೆದ ಆರಂಭದಲ್ಲಿ ಬಹಳಷ್ಟು ಖಾಲಿಯಿದ್ದದ್ದನ್ನು ಪತ್ರಿಕೆಗಳು ವರದಿ ಮಾಡಿದ್ದವು. ರಸ್ತೆಬದಿ ಉಚಿತವಾಗಿದ್ದರೆ ಕಟ್ಟಡ ಬರಿದಾಗಿರುತ್ತದೆ. ಇದರಲ್ಲಿ ಜನರ ದೋಷವಿಲ್ಲ, ಬೆಲೆಯ ದೋಷವಿದೆ.

ಅರ್ಥಶಾಸ್ತ್ರಕ್ಕೆ ಇದು ಹೊಸ ವಿಚಾರವಲ್ಲ. ಮುಂದೆ 1996ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಲಿಯಂ ವಿಕ್ರಿ, ರಸ್ತೆಬದಿಯ ನಿಲುಗಡೆಗೆ ಬೇಡಿಕೆಗೆ ತಕ್ಕ ಬೆಲೆ ಇರಬೇಕೆಂದು 1954ರಲ್ಲೇ ವಾದಿಸಿದ್ದರು. ಅಮೆರಿಕದ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಪುಕ್ಕಟೆ ಪಾರ್ಕಿಂಗ್ ಎಂಬುದೇ ಇಲ್ಲ, ಕಾರಿಲ್ಲದವರೂ ಅದರ ಬೆಲೆ ತೆರುತ್ತಾರೆ ಎಂಬುದನ್ನು ವಿಸ್ತಾರವಾಗಿ ತೋರಿಸಿದರು. ಜಪಾನ್ 1962ರಲ್ಲೇ ಒಂದು ಕಾನೂನು ಮಾಡಿತು: ಕಾರು ಕೊಳ್ಳುವವರು ಅದನ್ನು ಇಡಲು ತಮಗೆ ಜಾಗವಿದೆಯೆಂದು ಮೊದಲು ತೋರಿಸಬೇಕು. ನಮ್ಮ ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಕೂಡ, ಪಾರ್ಕಿಂಗ್ ಶುಲ್ಕ ಆ ನೆಲದ ನಿಜವಾದ ಬೆಲೆಯನ್ನು ಪ್ರತಿಬಿಂಬಿಸಬೇಕೆಂದು ಹೇಳಿತ್ತು. ಸುತ್ತೋಲೆಗಳು ನಮ್ಮ ಕಚೇರಿಗೂ ಬಂದಿದ್ದವು. ಓದಿ, ಕಡತಕ್ಕೆ ಸೇರಿಸಿದೆವು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಬೀದಿಬದಿಗೆ ಬೆಲೆ ಕಟ್ಟಿದರೆ ಸಣ್ಣ ವ್ಯಾಪಾರಿಗೆ, ಬಾಡಿಗೆ ಕಾರಿನ ಚಾಲಕನಿಗೆ ಹೊರೆಯಾಗುವುದಿಲ್ಲವೇ? ಆಗುತ್ತದೆ. ಆದ್ದರಿಂದಲೇ ಟ್ಯಾಕ್ಸಿ, ಆಟೊಗಳಿಗೆ ಪ್ರತ್ಯೇಕ ನಿಲ್ದಾಣ, ಸರಕು ಇಳಿಸಲು ಬೆಳಗಿನ ನಿಗದಿತ ವೇಳೆ, ಮೊದಲ ಅರ್ಧ ಗಂಟೆ ಉಚಿತ ಎಂಬ ರಿಯಾಯಿತಿಗಳು ಬೇಕು. ಆದರೆ ಇಡೀ ದಿನ, ಇಡೀ ರಾತ್ರಿ ಸಾರ್ವಜನಿಕ ರಸ್ತೆಯಲ್ಲಿ ಸ್ವಂತ ಕಾರನ್ನು ದಾಸ್ತಾನು ಮಾಡುವವನು ಬಡವನಲ್ಲ. ಅವನು ಬಹುಮಟ್ಟಿಗೆ ನನ್ನಂಥವನು: ಪಿಂಚಣಿ ಇರುವವನು, ಸ್ವಂತ ಮನೆ ಇರುವವನು. ಸಿಟಿ ಬಸ್ಸಿಗೆ ಕಾಯುವ ಕೂಲಿಕಾರ್ತಿ ಕಟ್ಟಿದ ತೆರಿಗೆಯಲ್ಲಿ ಅವನ ಕಾರಿಗೆ ಲಿಫ್ಟು ಹಾಕಿಸುವುದು ಯಾವ ನ್ಯಾಯ? ಸಂವಿಧಾನದ 371(ಜೆ) ವಿಧಿಯ ಮೂಲಕ ಈ ಪ್ರದೇಶಕ್ಕೆ ದಕ್ಕಿದ ವಿಶೇಷ ಅನುದಾನದ ಮೇಲೆ ಇಂಥ ಯೋಜನೆಗಳ ಕಣ್ಣು ಬೀಳದಿರಲಿ.

ಸ್ಥಳೀಯ ಸಂಸ್ಥೆಗಳಿಗೆ ನನ್ನ ಸಲಹೆ ಇಷ್ಟು. ಮೊದಲ ವರ್ಷ, ಈಗಾಗಲೇ ಮಂಜೂರಾದ ನಕ್ಷೆಗಳಲ್ಲಿ 'ವಾಹನ ನಿಲುಗಡೆ' ಎಂದಿರುವ ಜಾಗಗಳನ್ನು ಪಟ್ಟಿ ಮಾಡಿ, ಅಲ್ಲಿ ಈಗ ಏನಿದೆ ಎಂದು ಬರೆದು ನೋಟಿಸ್ ಬೋರ್ಡಿಗೆ ಹಾಕಲಿ. ಹೊಸ ಕಟ್ಟಡ ಕಟ್ಟದೆಯೇ ಎಷ್ಟು ಗ್ಯಾರೇಜುಗಳು ಸಿಗುತ್ತವೆ ಎಂಬುದು ಆಗ ತಿಳಿಯುತ್ತದೆ. ಎರಡನೆಯ ವರ್ಷ, ಇಪ್ಪತ್ತು ಅಡಿ ಮತ್ತು ಅದಕ್ಕಿಂತ ಕಿರಿದಾದ ರಸ್ತೆಗಳಲ್ಲಿ ಒಂದು ಬದಿಗೆ ಮಾತ್ರ ನಿಲುಗಡೆ, ಅದಕ್ಕೂ ಶುಲ್ಕ. ಜೊತೆಗೆ ಕಚೇರಿ ಆವರಣಗಳ ರಾತ್ರಿ ಬಳಕೆ. ಇಷ್ಟಾದ ಮೇಲೂ ಜಾಗ ಸಾಲದೆ ಶುಲ್ಕ ಕೊಡುವ ಜನ ಸಾಲುಗಟ್ಟಿದರೆ, ಆ ಶುಲ್ಕದ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು ಮೂರನೆಯ ವರ್ಷ ಕಟ್ಟಡದ ವಿನ್ಯಾಸಕ್ಕೆ ಕೈ ಹಾಕಲಿ. ಕ್ರಮ ತಲೆಕೆಳಗಾದರೆ ಬರಿದಾದ ಕಟ್ಟಡವೂ ತುಂಬಿದ ಬೀದಿಯೂ ಒಟ್ಟಿಗೆ ನಮ್ಮ ಪಾಲಿಗೆ ಬರುತ್ತವೆ.

ರಸ್ತೆಗೆ ಅಡ್ಡಿಯಾಗುವಂತೆ, ಅಪಾಯವಾಗುವಂತೆ ವಾಹನ ಬಿಟ್ಟುಹೋಗಬಾರದೆಂದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ 1988ರಿಂದಲೂ ಹೇಳುತ್ತಿದೆ. ಆ ಮಳೆಯ ರಾತ್ರಿ ಅದು ನನಗೆ ನೆನಪಾಗಲಿಲ್ಲ. ಇಪ್ಪತ್ತು ಅಡಿ ಎಂದರೆ ಸುಮಾರು ಆರು ಮೀಟರ್. ಎರಡು ಬದಿಗೆ ಒಂದೊಂದು ಕಾರು ನಿಂತರೆ, ಚರಂಡಿಯ ಪಕ್ಕದ ಅಂತರವನ್ನೂ ಕಳೆದು, ನಡುವೆ ಎರಡು ಮೀಟರ್ ಉಳಿಯುವುದೂ ಕಷ್ಟ. ಈ ಲೆಕ್ಕವನ್ನು ನಾನು ಮಾಡಿದ್ದು ಮರುದಿನ ಬೆಳಿಗ್ಗೆ, ಟೇಪು ಹಿಡಿದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಹೇಳುತ್ತಾ ಬಂದವನು ನೆರೆಯವರ ಹಾಸಿಗೆಯ ಮೇಲೆ ಕಾಲು ಚಾಚಿದ್ದೆ.

ಬಾಡಿಗೆಯ ಕರಾರು ಈ ವರ್ಷ ಮುಗಿಯಿತು, ನವೀಕರಿಸಲಿಲ್ಲ. ಬಾಡಿಗೆದಾರರಿಗೆ ಬೇರೆ ಜಾಗ ಸಿಗುವವರೆಗೆ ಎರಡು ತಿಂಗಳು ಕಾದು, ಗೋಡೆ ಒಡೆಸಿದೆ. ಬಾಡಿಗೆಯ ಆದಾಯ ಹೋಯಿತು, ಮನೆಯವರಿಗೆ ಸ್ವಲ್ಪ ಬೇಸರವೂ ಆಯಿತು. ಕನ್ನಡಿಗಳನ್ನು ಮಡಚಿದರೆ ಕಾರು ಒಳಗೆ ಹಿಡಿಸುತ್ತದೆ, ಇಳಿಯಲು ಒಂದು ಬದಿಗೆ ಜಾಗವೂ ಉಳಿಯುತ್ತದೆ. ನಮ್ಮ ರಸ್ತೆಯಲ್ಲಿ ಇನ್ನೂ ಆರು ಕಾರುಗಳು ಹೊರಗೆ ನಿಂತಿವೆ. ಆ ಮನೆಗಳ ನಕ್ಷೆಯಲ್ಲೂ ಕಾರು ಶೆಡ್ ಇರಲೇಬೇಕು. ಅವರನ್ನು ಕೇಳುವ ಅಧಿಕಾರ ನನಗೀಗ ಇಲ್ಲ. ಅಧಿಕಾರ ಇರುವವರು ಕೇಳುವರೇ?